ಕಡಲತಡಿಯ ಕಾರ್ಟೆನ್ ಉಕ್ಕು: ತುಕ್ಕು ಚಕ್ಕೆ ಏಳುವುದೇಕೆ, ಕಾರಣ ಹಿಡಿಯುವುದು ಹೇಗೆ

ಮಳೆ ಬೀಳುವ ಮುಂಬದಿ ಕಡುಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಕೂತಿದೆ. ಅದೇ ಹಾಳೆಯ ಹಿಂಬದಿ ಮುಟ್ಟಿದರೆ ಚಕ್ಕೆಚಕ್ಕೆಯಾಗಿ ಉದುರುತ್ತಿದೆ. ಕಾರ್ಟೆನ್ ಎಂದರೆ ಬಣ್ಣ ಹೊಡೆಯದೆ, ತನ್ನ ಗಟ್ಟಿ ತುಕ್ಕಿನ ಪದರವೇ ತನ್ನನ್ನು ಕಾಯಲಿ ಎಂದು ಬಳಸುವ ಉಕ್ಕು. ಕರಾವಳಿಯಲ್ಲಿ ಅದರ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ಈ ತರದವು. ಮಳೆ ತಾಗುವ ಬದಿ ಉಳಿದು, ತಾಗದ ಬದಿ ಹಾಳಾಗುವುದು ವಿಚಿತ್ರ ಅನ್ನಿಸಬಹುದು. ಆದರೆ ಗಾಳಿ ತಂದು ಹಚ್ಚಿದ ಉಪ್ಪನ್ನು ತೊಳೆದು ಒಯ್ಯುವುದು ಮಳೆಯೇ. ಆದ್ದರಿಂದ ಉಪ್ಪು ಎಲ್ಲಿ ತೊಳೆಯದೆ ಉಳಿಯುತ್ತದೆ, ಪಸೆ ಎಲ್ಲಿ ಒಣಗದೆ ನಿಲ್ಲುತ್ತದೆ, ಈ ಎರಡೂ ಕೂಡುವ ಜಾಗ ಯಾವುದು ಎಂದು ಹುಡುಕುತ್ತಾ ಹೋದರೆ ಬಹುಪಾಲು ದೋಷಗಳ ಮೂಲ ಸಿಗುತ್ತದೆ.

ಪರೀಕ್ಷೆಗೆ ಇಳಿಯುವ ಮುನ್ನ ಒಂದು ತಪ್ಪು ನಂಬಿಕೆ ಬಿಡಬೇಕು. ಪಣಂಬೂರಿನ ಬಂದರಿನಲ್ಲಿ ಪೇರಿಸಿಟ್ಟ ಸರಕು ಕಂಟೇನರ್‌ಗಳ ಮೈ ಕಾರ್ಟೆನ್ ಜಾತಿಯ ಉಕ್ಕಿನದು. ‘ಅವು ವರ್ಷಗಟ್ಟಲೆ ಸಮುದ್ರದ ಮೇಲೇ ಓಡಾಡುತ್ತವಲ್ಲ, ನಮ್ಮ ಗೇಟಿಗೇನು?’ ಎಂಬ ವಾದ ಫ್ಯಾಬ್ರಿಕೇಶನ್ ಶಾಪುಗಳಲ್ಲಿ ಕೇಳಿಬರುತ್ತದೆ. ಕಂಟೇನರ್‌ಗಳಿಗೆ ಒಳಗೂ ಹೊರಗೂ ಬಣ್ಣ ಇದೆ. ರೈಲ್ವೆಯ ಹಳೆಯ ಐಸಿಎಫ್ ಬೋಗಿಗಳಲ್ಲಿಯೂ ಇದೇ ಜಾತಿಯ ಉಕ್ಕು ಬಳಸಿ ಬಣ್ಣ ಹೊಡೆಯುತ್ತಿದ್ದರು. ಹಾಗಿದ್ದೂ ಶೌಚಾಲಯದ ಕೆಳಗಿನ ಭಾಗ, ನೀರು ನಿಲ್ಲುವ ನೆಲದ ತಗ್ಗು ಕೊಳೆಯುತ್ತಿದ್ದವು. ಬಣ್ಣವಿಲ್ಲದ ಕಾರ್ಟೆನ್ ಕಡಲ ಉಪ್ಪನ್ನು ತಡೆಯುತ್ತದೆ ಎನ್ನಲು ಇವು ಆಧಾರವಾಗುವುದಿಲ್ಲ.

ಒಳಗೆ ಏನಾಗುತ್ತದೆ

ಕಾರ್ಟೆನ್‌ನಲ್ಲಿ ತಾಮ್ರ, ಕ್ರೋಮಿಯಂ, ನಿಕಲ್, ಕೆಲವು ದರ್ಜೆಗಳಲ್ಲಿ ರಂಜಕ ಸ್ವಲ್ಪ ಸ್ವಲ್ಪ ಬೆರೆತಿರುತ್ತವೆ. ನೆನೆದು ಒಣಗಿ, ನೆನೆದು ಒಣಗಿ ವರ್ಷಗಳು ಕಳೆದಂತೆ ತುಕ್ಕಿನ ಒಳಪದರ ಒತ್ತಾಗುತ್ತದೆ. ನೀರು, ಆಮ್ಲಜನಕ ಒಳಗಿಳಿಯುವುದು ಕಡಿಮೆಯಾಗುತ್ತದೆ. ಒಣಗುವ ಸರದಿ ತಪ್ಪಿದರೆ ಈ ಪದರ ಕಟ್ಟುವುದೇ ಇಲ್ಲ.

ಉಪ್ಪು ಎರಡು ಕಡೆಯಿಂದ ಕೆಡಿಸುತ್ತದೆ. ಮೊದಲನೆಯದಾಗಿ ಒಣಗಲು ಬಿಡುವುದಿಲ್ಲ. ಅಡುಗೆ ಉಪ್ಪು ಗಾಳಿಯ ತೇವಾಂಶ ಶೇ 75ರ ಸುಮಾರಿಗೆ ಬಂದಾಗಲೇ ನೀರು ಹೀರಿ ಕರಗುತ್ತದೆ. ಕಡಲ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್‌ಗೆ ಶೇ 33 ಸಾಕು. ನಮ್ಮ ಕರಾವಳಿಯ ರಾತ್ರಿಗಳಲ್ಲಿ, ಮಳೆಯೇ ಇಲ್ಲದ ಫೆಬ್ರುವರಿಯಲ್ಲೂ, ಉಪ್ಪು ಹಿಡಿದ ಉಕ್ಕಿನ ಮೈ ತೇವವಾಗಿಯೇ ಇರುತ್ತದೆ. ಎರಡನೆಯದಾಗಿ, ಕ್ಲೋರೈಡ್ ತುಕ್ಕಿನ ಬುಡಕ್ಕೆ, ಅಂದರೆ ಉಕ್ಕಿಗೆ ತಾಗಿದ ಜಾಗಕ್ಕೆ ಇಳಿದು ಕೂರುತ್ತದೆ. ಅಲ್ಲಿ ಅಕಾಗನೈಟ್ ಎಂಬ ಸಡಿಲ ಜಾತಿಯ ತುಕ್ಕು ಬೆಳೆದು ಮೇಲಿನ ಪದರವನ್ನು ಎತ್ತಿಹಾಕುತ್ತದೆ. ಎದ್ದ ಚಕ್ಕೆಯ ಕೆಳಗೆ ಮತ್ತೆ ತೇವ ನಿಲ್ಲುತ್ತದೆ, ಮುಂದಿನ ಚಕ್ಕೆ ಇನ್ನೂ ಬೇಗ ಏಳುತ್ತದೆ.

ಕಡಲಿನಿಂದ ಎಷ್ಟು ದೂರವಿದ್ದರೆ ಸುರಕ್ಷಿತ ಎಂಬ ಪ್ರಶ್ನೆಗೆ ಎಲ್ಲೆಡೆ ಸಲ್ಲುವ ಒಂದೇ ಅಂಕಿ ಇಲ್ಲ. ಬಣ್ಣವಿಲ್ಲದ ಸಾಮಾನ್ಯ ಕಾರ್ಟೆನ್ ಸೇತುವೆಗೆ ಜಪಾನ್ ಇಟ್ಟುಕೊಂಡ ಮಿತಿ, ದಿನಕ್ಕೆ 100 ಚದರ ಸೆಂಟಿಮೀಟರಿಗೆ 0.05 ಮಿಲಿಗ್ರಾಂ ಉಪ್ಪು. ಅದನ್ನು ದೂರಕ್ಕೆ ಇಳಿಸಿದಾಗ ಶಾಂತಸಾಗರದ ಬದಿಗೆ 2 ಕಿ.ಮೀ., ಒಳಸಮುದ್ರದ ಬದಿಗೆ 1 ಕಿ.ಮೀ., ಚಳಿಗಾಲದ ಬಿರುಗಾಳಿ ಬೀಸುವ ಜಪಾನ್ ಸಮುದ್ರದ ಬದಿಗೆ ಕೆಲವೆಡೆ 20 ಕಿ.ಮೀ. ಎಂದು ಬಂತು. ಒಂದೇ ದೇಶದಲ್ಲಿ ಇಷ್ಟು ಅಂತರ. ಅಲೆ ಒಡೆಯುವ ದಡವೋ ಶಾಂತ ಅಳಿವೆಯೋ, ನಡುವೆ ಮರಗಳಿವೆಯೋ ಬಯಲೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮರವಂತೆಯಂತೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ಜಾಗಕ್ಕೆ ಬಣ್ಣವಿಲ್ಲದ ಕಾರ್ಟೆನ್ ಆರಿಸಲೇಬಾರದು. ಹವಾಯಿಯ ಹೊನೊಲುಲುವಿನಲ್ಲಿ 1975ರಲ್ಲಿ ತೆರೆದ ಅಲೋಹಾ ಕ್ರೀಡಾಂಗಣವನ್ನು ಈ ಉಕ್ಕಿನಿಂದಲೇ ಕಟ್ಟಿದ್ದರು. ಅಲ್ಲಿ ತುಕ್ಕು ನಿಲ್ಲದೆ ದುರಸ್ತಿಯ ಖರ್ಚು ದಶಕಗಳ ಕಾಲ ಬೆಳೆಯುತ್ತಲೇ ಹೋಯಿತು.

ಇದು ದೋಷವೋ, ಎಳೆಯ ತುಕ್ಕೋ

ಮೊದಲ ವರ್ಷ ಕಿತ್ತಳೆ ಬಣ್ಣದ ಪುಡಿ ಕೈಗೆ ಅಂಟುವುದು, ಮಳೆನೀರಿನೊಂದಿಗೆ ಕೆಂಪು ಇಳಿಯುವುದು ಸಹಜ. ಎರಡು ವರ್ಷದ ಹೊತ್ತಿಗೆ ಬಣ್ಣ ಕಂದಾಗಿ ಪುಡಿ ಕಡಿಮೆಯಾಗುತ್ತಾ ಬರಬೇಕು. ಬಣ್ಣ ನೋಡಿ ತೀರ್ಮಾನಿಸಬೇಡಿ. ತುಕ್ಕಿನ ಕಣದ ಗಾತ್ರ ನೋಡಿ.

ಅದಕ್ಕೆ ಅಗಲದ ಪಾರದರ್ಶಕ ಸೆಲ್ಲೋಟೇಪ್ ಸಾಕು. ಒಣ ದಿನ, ಮಧ್ಯಾಹ್ನದ ಹೊತ್ತಿಗೆ ಟೇಪನ್ನು ಉಕ್ಕಿನ ಮೇಲೆ ಒತ್ತಿ ಹಚ್ಚಿ, ಕಿತ್ತು, ಬಿಳಿ ಹಾಳೆಯ ಮೇಲೆ ಅಂಟಿಸಿ. ಪಕ್ಕದಲ್ಲಿ ಜಾಗ, ದಿಕ್ಕು, ತಾರೀಖು ಬರೆದಿಡಿ. ಅಂಟಿದ ಕಣ 1 ಮಿ.ಮೀ. ಒಳಗೆ, ಎಲ್ಲೆಡೆ ಸಮನಾಗಿದ್ದರೆ ಪದರ ಚೆನ್ನಾಗಿ ಕಟ್ಟುತ್ತಿದೆ. 1ರಿಂದ 5 ಮಿ.ಮೀ. ಇದ್ದರೆ ಸದ್ಯಕ್ಕೆ ತೊಂದರೆಯಿಲ್ಲ. 5ರಿಂದ 25 ಮಿ.ಮೀ. ಮೀನಿನ ಹುರುಪೆಯಂತಹ ಚಕ್ಕೆ ಬಂದರೆ ಎಚ್ಚರ, ಕಾರಣ ಹುಡುಕಲೇಬೇಕು. ಹಾಳೆ ಹಾಳೆಯಾಗಿ ಪದರ ಎದ್ದು ಬಂದರೆ ಉಕ್ಕು ತನ್ನನ್ನು ತಾನು ಕಾಯುತ್ತಿಲ್ಲ ಎಂದು ತಿಳಿಯಿರಿ. ಬಣ್ಣದ ದಪ್ಪ ಅಳೆಯುವ ಮೀಟರ್ ಇದ್ದರೆ ತುಕ್ಕಿನ ದಪ್ಪವನ್ನೂ ನೋಡಿ: 400 ಮೈಕ್ರಾನ್ ಒಳಗಿದ್ದರೆ ಸರಿ, 800 ದಾಟಿದರೆ ಕೆಟ್ಟಿದೆ. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಪೊಳ್ಳು ಸದ್ದು ಬರುವ ಜಾಗ ಕಣ್ಣಿಗೆ ಗಟ್ಟಿಯಾಗಿ ಕಂಡರೂ ಒಳಗೆ ಬಿಟ್ಟಿರುತ್ತದೆ.

ಪ್ರತಿ ದಿಕ್ಕಿಗೂ ಬೇರೆ ಬೇರೆ ಟೇಪ್ ತೆಗೆಯಬೇಕು. ಪಶ್ಚಿಮದ ಮುಖ, ಪೂರ್ವದ ಮುಖ, ಸೂರಿನ ಕೆಳಗೆ, ನೆಲದಿಂದ ಒಂದು ಗೇಣು ಮೇಲೆ, ಹಾಳೆಯ ಹಿಂಬದಿ. ಈ ಐದು ಟೇಪುಗಳನ್ನು ಸಾಲಾಗಿ ಇಟ್ಟು ನೋಡಿದರೆ ಅರ್ಧ ಕಾರಣ ಅಲ್ಲೇ ಸಿಗುತ್ತದೆ. ಎಲ್ಲ ಕಡೆ ಒಂದೇ ಸಮ ಚಕ್ಕೆ ಎದ್ದಿದ್ದರೆ ಉಕ್ಕಿನ ಮೇಲೆ ಅಥವಾ ಜಾಗದ ಮೇಲೆ ಸಂಶಯ ಪಡಿ. ಒಂದೆರಡು ಕಡೆ ಮಾತ್ರ ಆದರೆ ನೀರಿನ ದಾರಿ, ಗಾಳಿಯ ದಾರಿ ನೋಡಿ.

ಕಾರ್ಟೆನ್ ಹೌದೇ?

ಮೈಲ್ಡ್ ಸ್ಟೀಲ್ ಹಾಳೆಗೂ ಆರು ತಿಂಗಳಲ್ಲಿ ಅದೇ ಬಣ್ಣ ಬರುತ್ತದೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಅದರಲ್ಲಿನ ಹೀಟ್ ನಂಬರ್ (ಒಂದು ಸಲಕ್ಕೆ ಕರಗಿಸಿದ ಉಕ್ಕಿನ ಸಂಖ್ಯೆ) ಹಾಳೆಯ ಮೇಲಿನ ಗುರುತಿಗೆ ಹೊಂದುತ್ತದೆಯೇ ನೋಡಿ. ಕಾರ್ಟೆನ್-ಎ ದರ್ಜೆಯಲ್ಲಿ ತಾಮ್ರ ಶೇ 0.25ರಿಂದ 0.55, ಕ್ರೋಮಿಯಂ ಶೇ 0.50ರಿಂದ 1.25, ರಂಜಕ ಶೇ 0.07ರಿಂದ 0.15 ಇರುತ್ತದೆ. ಕಾಗದ ಇಲ್ಲದಿದ್ದರೆ ಲೋಹದಲ್ಲಿ ಏನೇನು ಬೆರೆತಿದೆ ಎಂದು ಎಕ್ಸ್-ರೇಯಿಂದ ಓದುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರದವರನ್ನು ಕರೆಸಿ. ಗ್ರೈಂಡರ್‌ನಿಂದ ರೂಪಾಯಿ ಬಿಲ್ಲೆಯಷ್ಟು ಜಾಗವನ್ನು ಹೊಳೆಯುವ ಲೋಹದವರೆಗೆ ಉಜ್ಜಿದ ಮೇಲೆ ಓದಿಸಬೇಕು. ತುಕ್ಕಿನ ಮೇಲೆಯೇ ಇಟ್ಟು ಓದಿಸಿದ ಅಂಕಿಗೆ ಬೆಲೆಯಿಲ್ಲ. ತಾಮ್ರ, ಕ್ರೋಮಿಯಂ ಎರಡೂ ಸೊನ್ನೆಯ ಹತ್ತಿರ ಬಂದರೆ ಅದು ಮೈಲ್ಡ್ ಸ್ಟೀಲ್. ಮುಂದಿನ ಪರೀಕ್ಷೆಗಳಿಗೆ ಸಮಯ ಕೊಡದೆ ನೇರ ಬಣ್ಣದ ಕೆಲಸಕ್ಕೆ ಹೋಗಿ.

ಉಪ್ಪು ಒಳಗೆ ಇದೆಯೇ?

ಇದು ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಆದರೂ ಹೆಚ್ಚಿನವರು ಇದನ್ನೇ ಬಿಟ್ಟುಬಿಡುತ್ತಾರೆ. ಬೇಕಾದದ್ದು ಡಿಸ್ಟಿಲ್ಡ್ ವಾಟರ್, ಸೋಸುವ ಕಾಗದ, ದುರ್ಬಲ ನೈಟ್ರಿಕ್ ಆಮ್ಲ, ಮತ್ತು 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 1.7 ಗ್ರಾಂ ಸಿಲ್ವರ್ ನೈಟ್ರೇಟ್ ಕರಗಿಸಿದ ದ್ರಾವಣ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿದರೆ ಕಪ್ಪು ಕಲೆ ದಿನಗಟ್ಟಲೆ ಹೋಗುವುದಿಲ್ಲ.

1. ಮೇಲಿನ ಸಡಿಲ ಪುಡಿ ಬಿಟ್ಟು, ಚಕ್ಕೆಯ ಬುಡದ ತುಕ್ಕನ್ನು ಒಂದು ಚಮಚದಷ್ಟು ಕೆರೆದು ತೆಗೆಯಿರಿ.
2. 50 ಮಿ.ಲೀ. ಡಿಸ್ಟಿಲ್ಡ್ ನೀರಿನಲ್ಲಿ ಹಾಕಿ ಬಿಸಿ ಮಾಡಿ, ಕಾಲು ಗಂಟೆ ಕಲಕಿ, ಸೋಸಿ.
3. ಸೋಸಿದ ನೀರಿಗೆ ಎರಡು ಮೂರು ಹನಿ ನೈಟ್ರಿಕ್ ಆಮ್ಲ ಹಾಕಿ. ಕಾರ್ಬೊನೇಟ್ ಇದ್ದರೂ ಬಿಳಿಚುವುದರಿಂದ ಈ ಹೆಜ್ಜೆ ಬಿಡಬಾರದು.
4. ಸಿಲ್ವರ್ ನೈಟ್ರೇಟ್ ಎರಡು ಹನಿ ಬಿಡಿ. ನೀರು ಮಜ್ಜಿಗೆ ತಿಳಿಯಂತೆ ಬೆಳ್ಳಗಾದರೆ ಕ್ಲೋರೈಡ್ ಇದೆ.
5. ತುಕ್ಕು ಹಾಕದ ಬರೀ ಡಿಸ್ಟಿಲ್ಡ್ ನೀರಿನಲ್ಲೂ ಇದೇ ರೀತಿ ಮಾಡಿ ಹೋಲಿಸಿ.

ಮಳೆ ತಾಗುವ ಬದಿಯ ತುಕ್ಕನ್ನೂ ಹಿಂಬದಿಯ ತುಕ್ಕನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಮುಂದಿನದು ತಿಳಿಯಾಗಿದ್ದು ಹಿಂದಿನದು ಬೆಳ್ಳಗಾದರೆ ತೊಳೆಯದ ಉಪ್ಪೇ ಕಾರಣ. ಎರಡೂ ಬೆಳ್ಳಗಾದರೆ, ಮತ್ತು ಮನೆ ಕಡಲಿನಿಂದ ದೂರವಿದ್ದರೆ, ಕೆಲಸ ಮುಗಿಸುವಾಗ ಬೇಗ ತುಕ್ಕು ಬರಿಸಲು ಏನು ಬಳಿದರು ಎಂದು ವಿಚಾರಿಸಿ. ವಿನಿಗರ್, ಹೈಡ್ರೋಜನ್ ಪೆರಾಕ್ಸೈಡ್, ಉಪ್ಪು ಬೆರೆಸಿ ಸಿಂಪಡಿಸಿದರೆ ಒಂದೇ ದಿನದಲ್ಲಿ ಚಂದದ ಕಿತ್ತಳೆ ಬಣ್ಣ ಬರುತ್ತದೆ ನಿಜ. ಬಾತ್‌ರೂಮ್ ತೊಳೆಯುವ ಆಸಿಡ್ ಬಳಿಯುವವರೂ ಇದ್ದಾರೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ಎರಡರಲ್ಲೂ ಉಕ್ಕಿನ ಬುಡಕ್ಕೆ ಕ್ಲೋರೈಡನ್ನು ನಾವೇ ಕೂರಿಸಿದಂತಾಗುತ್ತದೆ. ಕಡಲತಡಿಯಲ್ಲಿ ಕಾರ್ಟೆನ್‌ಗೆ ಮಾಡಬಹುದಾದ ಅತಿ ದೊಡ್ಡ ಕೇಡು ಇದೇ. ಬೇಗ ಬಣ್ಣ ಬೇಕಿದ್ದರೆ ಬ್ಲಾಸ್ಟಿಂಗ್ (ಗಟ್ಟಿ ಕಣ ಚಿಮ್ಮಿಸಿ ಮೈ ಶುಚಿ ಮಾಡುವುದು) ಮಾಡಿದ ಹಾಳೆಗೆ ದಿನಕ್ಕೆ ಎರಡು ಸಲ ಸಿಹಿನೀರು ಚಿಮುಕಿಸಿ ಒಣಗಲು ಬಿಟ್ಟರೆ ಸಾಕು.

ಜಾಗದ ಮೇಲಿಂದ ಕಾರಣ

ಹಿಂಬದಿ, ತಳಬದಿ ಮಾತ್ರ ಚಕ್ಕೆ ಎದ್ದಿದ್ದರೆ ಹಾಳೆಗೂ ಗೋಡೆಗೂ ನಡುವಿನ ಸಂದು ನೋಡಿ. 10 ಮಿ.ಮೀ. ಸಂದು, ಮೇಲೆ ಕೆಳಗೆ ಮುಚ್ಚಿದ ಅಂಚು ಇದ್ದರೆ ಒಳಗೆ ಹೊಕ್ಕ ಉಪ್ಪುಗಾಳಿಯ ತೇವ ಒಣಗುವುದೇ ಇಲ್ಲ. ಕನಿಷ್ಠ 50 ಮಿ.ಮೀ. ಸಂದು ಬಿಟ್ಟು, ಮೇಲೂ ಕೆಳಗೂ ಗಾಳಿಗೆ ದಾರಿ ಮಾಡಬೇಕು. ಪೈಪು ಹೋಗುವಷ್ಟು ಜಾಗ ಇಲ್ಲದೆ ತೊಳೆಯಲಾಗದ ಹಿಂಬದಿಗೆ ಬಣ್ಣ ಹೊಡೆದೇ ಕೂರಿಸಬೇಕು.

ಒಂದರ ಮೇಲೊಂದು ಬಂದ ಕೂಡುಜಾಗದಲ್ಲಿ ಹಾಳೆ ಉಬ್ಬಿ, ಬೋಲ್ಟುಗಳ ನಡುವೆ ಬಾಯಿ ಬಿಟ್ಟಿದ್ದರೆ ಸಂದಿನೊಳಗೆ ತುಕ್ಕು ತುಂಬಿಕೊಂಡಿದೆ. ತುಕ್ಕಿಗೆ ಉಕ್ಕಿನ ಹಲವು ಪಟ್ಟು ಜಾಗ ಬೇಕು, ಅದು ಬೋಲ್ಟನ್ನೇ ಎಳೆದು ತುಂಡರಿಸಬಲ್ಲದು. ಬೋಲ್ಟ್‌ನಿಂದ ಬೋಲ್ಟ್‌ಗೆ ಇರುವ ಅಂತರ ಅಳೆಯಿರಿ: ತೆಳುವಾದ ಹಾಳೆಯ ದಪ್ಪದ 14 ಪಟ್ಟು ಮೀರಬಾರದು, ಎಷ್ಟೇ ದಪ್ಪ ಹಾಳೆಯಾದರೂ 175 ಮಿ.ಮೀ. ದಾಟಬಾರದು. ಅಂಚಿನಿಂದ ಬೋಲ್ಟ್‌ಗೆ ದಪ್ಪದ 8 ಪಟ್ಟು, ಹೆಚ್ಚೆಂದರೆ 125 ಮಿ.ಮೀ. 3 ಮಿ.ಮೀ. ಹಾಳೆಗೆ ಲೆಕ್ಕ ಹಾಕಿದರೆ ಬೋಲ್ಟುಗಳ ನಡುವೆ 42 ಮಿ.ಮೀ. ಮಾತ್ರ! ಗೇಟು, ಫಲಕಗಳಲ್ಲಿ ಯಾರೂ ಅಷ್ಟು ಹತ್ತಿರ ಹಾಕುವುದಿಲ್ಲ. ಹಾಗಾಗಿ ತೆಳು ಹಾಳೆಯಲ್ಲಿ ಮೇಲುಕೂಡು ಬೇಡ. ಸುತ್ತಲೂ ಬಿಡದೆ ವೆಲ್ಡ್ ಮಾಡಿ, ಅಥವಾ ಎರಡರ ನಡುವೆ 15–20 ಮಿ.ಮೀ. ತೆರೆದ ಸಂದು ಬಿಡಿ.

ಬೋಲ್ಟಿನ ತಲೆ ಸುತ್ತ ಬಿಳಿ ಪುಡಿ, ಆಮೇಲೆ ಕೆಂಪು ಕಲೆ ಬಂದರೆ ಅದು ಜಿಐ, ಅಂದರೆ ಸತುವು ಲೇಪಿಸಿದ, ಬೋಲ್ಟ್. ಅದರ ಸತುವು ಪಕ್ಕದ ದೊಡ್ಡ ಹಾಳೆಗಾಗಿ ತಾನು ಕರಗಿ ಬೇಗ ಮುಗಿಯುತ್ತದೆ. ಕಾರ್ಟೆನ್ ಜಾತಿಯದೇ ಬೋಲ್ಟ್, ಅಂದರೆ ಎ325 ಟೈಪ್ 3, ಹಾಕಬೇಕು. ಸಿಗದಿದ್ದರೆ 316 ಸ್ಟೇನ್‌ಲೆಸ್, ನೈಲಾನ್ ತೋಳು ಮತ್ತು ವಾಷರ್ ಸಮೇತ. ವೆಲ್ಡಿಂಗ್ ಗೆರೆ ಮಾತ್ರ ಬೇರೆ ಬಣ್ಣವಾಗಿ ತಗ್ಗುಬಿದ್ದಿದ್ದರೆ ಸಾಮಾನ್ಯ ರಾಡ್ ಬಳಸಿದ್ದಾರೆ. ಒಂದೇ ಓಟದ ಸಣ್ಣ ವೆಲ್ಡ್‌ಗೆ 7018 ಎಂಬ ರಾಡ್ ನಡೆಯುತ್ತದೆ, ಹೊರಗೆ ಕಾಣುವ ದಪ್ಪ ವೆಲ್ಡ್‌ನ ಮೇಲಿನ ಓಟಗಳಿಗೆ 8018-ಡಬ್ಲ್ಯು2 ಬೇಕು.

ಬುಡ ಕೊರೆದುಹೋಗಿದ್ದರೆ ಕಂಬ ಕಾಂಕ್ರೀಟಿಗೋ ಮಣ್ಣಿಗೋ ಇಳಿಯುವ ಗೆರೆಯಲ್ಲಿ ನೀರು ನಿಲ್ಲುತ್ತಿದೆ. ಅಲ್ಲಿ ಹೊರಕ್ಕೆ ಇಳಿಜಾರು ಮಾಡಿದ ಕಾಂಕ್ರೀಟ್ ಕಟ್ಟೆ ಬೇಕು. ಹೂತುಹೋದ ಭಾಗಕ್ಕೂ, ನೆಲದಿಂದ 300 ಮಿ.ಮೀ. ಎತ್ತರದವರೆಗೂ ಎಪಾಕ್ಸಿ ಬೇಕು. ಕಳೆ, ತರಗೆಲೆ ಒತ್ತಿಕೊಂಡಿದ್ದರೆ ತೆಗೆಸಿ.

ಹೂಕುಂಡಗಳ ಕತೆ ಬೇರೆ. ಅವು ಒಳಗಿನಿಂದ ಹಾಳಾಗುತ್ತವೆ. ಹೊರಗೆ ತೂತು ಕಾಣುವ ಹೊತ್ತಿಗೆ ಹಾಳೆ ಮುಗಿದಿರುತ್ತದೆ. ಇಲ್ಲಿ ಗೊಬ್ಬರವನ್ನೂ ವಿಚಾರಿಸಬೇಕು. ಅಂಗಡಿಯಲ್ಲಿ ಪೊಟ್ಯಾಷ್ ಎಂದು ಸಿಗುವ ಕೆಂಪು ಗೊಬ್ಬರ ಪೊಟ್ಯಾಸಿಯಂ ಕ್ಲೋರೈಡ್, ತೂಕದಲ್ಲಿ ಅರ್ಧದ ಹತ್ತಿರ ಕ್ಲೋರೈಡೇ. ತೆಂಗಿನ ಬುಡಕ್ಕೆ ಉಪ್ಪು ಹಾಕುವ ರೂಢಿ ಇರುವ ತೋಟದಲ್ಲಿ, ಮರಕ್ಕೆ ತಾಗಿದ ಕಾರ್ಟೆನ್ ಅಂಚುಕಟ್ಟು ಬಾಳುವುದಿಲ್ಲ. ಕುಂಡದ ಒಳಮೈಗೆ ಎಪಾಕ್ಸಿ ಎರಡು ಕೋಟು, ಅದರ ಮುಂದೆ ಉಬ್ಬುಗಳಿರುವ ಪ್ಲಾಸ್ಟಿಕ್ ಹಾಳೆ, ತಳದಲ್ಲಿ 25 ಮಿ.ಮೀ. ತೂತುಗಳು, ನೆಲದಿಂದ 50 ಮಿ.ಮೀ. ಎತ್ತರಿಸುವ ಕಾಲುಗಳು ಇರಲಿ. ಪೊಟ್ಯಾಷ್ ಬೇಕೇ ಬೇಕಿದ್ದರೆ ಸಲ್ಫೇಟ್ ರೂಪದ್ದು ಹಾಕಿ.

ಹೊಸ ಹಾಳೆಯಲ್ಲಿ ಬೂದು ನೀಲಿ ತೇಪೆಗಳು ಉಳಿದು ಬಣ್ಣ ಸಮ ಬಾರದಿದ್ದರೆ ಮಿಲ್ ಸ್ಕೇಲ್, ಅಂದರೆ ಕಾರ್ಖಾನೆಯಲ್ಲಿ ಬಿಸಿ ಉಕ್ಕಿನ ಮೇಲೆ ಕಟ್ಟಿದ ಪೊರೆ, ತೆಗೆದಿಲ್ಲ. ಒಮ್ಮೆ ಬ್ಲಾಸ್ಟಿಂಗ್ ಮಾಡಿಸಿದರೆ ಮುಗಿಯಿತು.

ತೊಳೆದು ಉಳಿಸುವುದು

ಟೇಪಿನಲ್ಲಿ 5 ಮಿ.ಮೀ.ವರೆಗಿನ ಕಣ, ಉಪ್ಪಿನ ಪರೀಕ್ಷೆಯಲ್ಲಿ ತುಸುವೇ ಬಿಳಿ ಇದ್ದರೆ ತೊಳೆಯುವುದರಲ್ಲೇ ಉಳಿಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದ ಮುಖಗಳನ್ನು ಮಳೆಯೇ ನೋಡಿಕೊಳ್ಳುತ್ತದೆ. ಸೂರಿನ ಕೆಳಗಿನ ಭಾಗಕ್ಕೆ ಮಾತ್ರ ಆಗಲೂ ನೀರು ಬೇಕು, ಏಕೆಂದರೆ ಕಡಲು ಅತಿ ಹೆಚ್ಚು ತುಂತುರು ಎಬ್ಬಿಸುವುದು ಆ ತಿಂಗಳುಗಳಲ್ಲೇ. ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲಿ ಇಡೀ ಕೆಲಸವನ್ನು ಒಮ್ಮೆ ಚೆನ್ನಾಗಿ ತೊಳೆಯಿರಿ. ಆಮೇಲೆ ಮೇ ತನಕ ತಿಂಗಳಿಗೊಮ್ಮೆ. ಮಧ್ಯಾಹ್ನದ ಕಡಲಗಾಳಿ ಉಪ್ಪು ತರುತ್ತಲೇ ಇರುತ್ತದೆ, ತೊಳೆಯುವವರು ನಾವೇ.

ನಲ್ಲಿಯ ಪೈಪು, ನೈಲಾನ್ ಬ್ರಷ್ ಸಾಕು, ಮೇಲಿನಿಂದ ಕೆಳಕ್ಕೆ. ಗಟ್ಟಿಯಾದ ಒಳಪದರ ಕೀಳುವಷ್ಟು ಒತ್ತಡದ ಯಂತ್ರ ಬೇಡ. ಬೆಳಿಗ್ಗೆ ತೊಳೆಯಿರಿ, ಸಂಜೆಯೊಳಗೆ ಒಣಗಬೇಕು. ನೀರಿನ ಬಗ್ಗೆ ಎಚ್ಚರ: ದಡದ ಬಾವಿ, ಬೋರ್‌ವೆಲ್‌ಗಳಿಗೆ ಏಪ್ರಿಲ್ ಹೊತ್ತಿಗೆ ಕಡಲ ನೀರು ನುಗ್ಗಿರುತ್ತದೆ. ನಾಲಿಗೆಗೆ ತಿಳಿಯದಷ್ಟು ಸವಳೂ ಉಕ್ಕಿಗೆ ಕೆಡುಕು. ಮೇಲೆ ಹೇಳಿದ ಸಿಲ್ವರ್ ನೈಟ್ರೇಟ್ ಹನಿಯನ್ನು ಆ ನೀರಿಗೂ ಬಿಟ್ಟು ನೋಡಿ.

ಇದಕ್ಕಿಂತ ದೊಡ್ಡ ಚಕ್ಕೆ ಎದ್ದಿದ್ದರೆ ಮೇಲಿನಿಂದ ನೀರು ಹಾಯಿಸಿ ಉಪಯೋಗವಿಲ್ಲ, ಉಪ್ಪು ಚಕ್ಕೆಯ ಅಡಿಯಲ್ಲಿದೆ. ಪಾರದರ್ಶಕ ಲ್ಯಾಕರ್ ಹೊಡೆದು ‘ಸೀಲ್’ ಮಾಡುವ ಸಲಹೆಯನ್ನು ಒಪ್ಪಬೇಡಿ. ಒಳಗಿನ ಉಪ್ಪು ಲ್ಯಾಕರಿನಡಿ ಕೆಲಸ ಮುಂದುವರಿಸುತ್ತದೆ, ಪೊರೆ ಗುಳ್ಳೆ ಎದ್ದು ಸುಲಿಯುತ್ತದೆ. ತುಕ್ಕನ್ನು ಕಪ್ಪು ಮಾಡುವ ಕನ್ವರ್ಟರ್ ದ್ರವಗಳೂ ಮೇಲಿನ ತುಕ್ಕಿಗಷ್ಟೇ ಸಾಲುತ್ತವೆ, ಕ್ಲೋರೈಡನ್ನು ಹೊರಹಾಕುವುದಿಲ್ಲ.

ಬಣ್ಣವೇ ದಾರಿಯಾದಾಗ

ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಈ ಕೆಲಸ ಇಟ್ಟುಕೊಳ್ಳಿ. ಮೊದಲು ಚಕ್ಕೆಗಳನ್ನು ಕೆರೆದು, ಸಿಹಿನೀರಿನಲ್ಲಿ ಜೋರಾಗಿ ತೊಳೆದು ಒಣಗಿಸಿ. ಇಲ್ಲಿ ಒತ್ತಡದ ಯಂತ್ರ ಬಳಸಬಹುದು. ನಂತರ ಗ್ರಿಟ್ ಬ್ಲಾಸ್ಟಿಂಗ್, ಎಸ್‌ಎ 2½ ಮಟ್ಟಕ್ಕೆ, ಅಂದರೆ ಹೆಚ್ಚುಕಡಿಮೆ ಬರೀ ಲೋಹ ಕಾಣುವಷ್ಟು. ಕಡಲ ಮರಳು ಬೇಡವೇ ಬೇಡ. ಬ್ಲಾಸ್ಟಿಂಗ್ ಮಾಡಿದ ಜಾಗವನ್ನು ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಕುಳಿಗಳ ಸುತ್ತ ಕಪ್ಪು ಒದ್ದೆ ಚುಕ್ಕೆ ಕಂಡರೆ ಅಲ್ಲಿ ಇನ್ನೂ ಉಪ್ಪಿದೆ. ಮತ್ತೆ ತೊಳೆದು ಮತ್ತೆ ಬ್ಲಾಸ್ಟಿಂಗ್ ಮಾಡಬೇಕು. ಹಳೆಯ ಕೆಲಸದಲ್ಲಿ ಇದು ಎರಡು ಮೂರು ಸುತ್ತು ಆಗುವುದುಂಟು, ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.

ಪ್ರೈಮರ್‌ಗೆ ಮೊದಲು ಬ್ರೆಸ್ಲ್ ಪ್ಯಾಚ್‌ನಿಂದ (ಉಕ್ಕಿಗೆ ಅಂಟಿಸಿ, ಒಳಗೆ ನೀರು ಬಿಟ್ಟು ಉಪ್ಪನ್ನು ಕರಗಿಸಿ ತೆಗೆಯುವ ಪಟ್ಟಿ) ಉಪ್ಪು ಅಳೆಸಿ. 1250 ಚದರ ಮಿ.ಮೀ. ಪ್ಯಾಚ್, 15 ಮಿ.ಲೀ. ನೀರು ಬಳಸಿದಾಗ ನೀರಿನ ವಿದ್ಯುತ್ ವಾಹಕತೆ ಏರಿದ ಪ್ರತಿ ಮೈಕ್ರೋಸೀಮೆನ್ಸ್/ಸೆಂ.ಮೀ.ಗೆ ಚದರ ಮೀಟರಿಗೆ 6 ಮಿಲಿಗ್ರಾಂ ಉಪ್ಪು ಎಂದು ಲೆಕ್ಕ. 50 ಮಿಲಿಗ್ರಾಂ ದಾಟಿದರೆ ಪ್ರೈಮರ್ ಡಬ್ಬಿ ತೆರೆಯಬೇಡಿ. ಬಣ್ಣದ ಕಂಪನಿ ಇನ್ನೂ ಕಡಿಮೆ ಕೇಳಿದರೆ ಅದನ್ನೇ ಪಾಲಿಸಿ. ಉಕ್ಕಿನ ಮೈಯ ಉಷ್ಣತೆ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ಉಷ್ಣತೆ) 3 ಡಿಗ್ರಿಯಾದರೂ ಮೇಲಿರಬೇಕು, ತೇವಾಂಶ ಶೇ 85 ಮೀರಿರಬಾರದು. ಕರಾವಳಿಯಲ್ಲಿ ಇದರರ್ಥ, ಬಿಸಿಲೇರುವ ಮುನ್ನ ಕೆಲಸವಿಲ್ಲ, ಸಂಜೆ ನಾಲ್ಕರ ಮೇಲೂ ಇಲ್ಲ.

ಸತುವು ತುಂಬಿದ ಎಪಾಕ್ಸಿ ಪ್ರೈಮರ್ 60–75 ಮೈಕ್ರಾನ್, ಮೈಕೇಸಿಯಸ್ ಐರನ್ ಆಕ್ಸೈಡ್ ಎಪಾಕ್ಸಿ 150–175, ಮೇಲೆ ಪಾಲಿಯುರೆಥೇನ್ 60–70. ಒಟ್ಟು 270ರಿಂದ 320. ಅಂಚುಗಳನ್ನು 2 ಮಿ.ಮೀ. ದುಂಡಗೆ ಉಜ್ಜಿ, ಅಂಚು, ವೆಲ್ಡ್, ಬೋಲ್ಟ್‌ಗಳಿಗೆ ಬ್ರಷ್‌ನಿಂದ ಒಂದು ಕೋಟು ಹೆಚ್ಚಿಗೆ ಕೊಡಿ. ಕಾರ್ಟೆನ್‌ನ ನೋಟವೇ ಬೇಕೆಂದಿದ್ದರೆ ಮೇಲುಕೋಟನ್ನು ಕಂದುಬಣ್ಣದಲ್ಲಿ ತೆಗೆದುಕೊಳ್ಳಬಹುದು. ಇಡೀ ಕೆಲಸಕ್ಕೆ ದುಡ್ಡು ಸಾಲದಿದ್ದರೆ ಹಿಂಬದಿ, ತಳ, ಕೂಡುಜಾಗ, ಬುಡಗಳಿಗೆ ಬಣ್ಣ ಹೊಡೆದು, ಮಳೆ ತೊಳೆಯುವ ಮುಂಬದಿಯನ್ನು ಹಾಗೇ ಬಿಡುವುದು ಒಳ್ಳೆಯ ರಾಜಿ.

ಉಳಿದಿರುವ ದಪ್ಪ

ಬದಲಿಸಬೇಕೇ ಎಂದು ನಿರ್ಧರಿಸಲು ತುಕ್ಕನ್ನು ಪೂರ್ತಿ ತೆಗೆದು ಅಳೆಯಬೇಕು. ಅಲ್ಟ್ರಾಸಾನಿಕ್ ಮೀಟರನ್ನು ತುಕ್ಕಿನ ಮೇಲಿಟ್ಟರೆ ಅಂಕಿಯೇ ಬಾರದು, ಬಂದರೂ ನಂಬಲಾಗದು. 2–3 ಮಿ.ಮೀ. ಹಾಳೆಯ ಅಂಚನ್ನು ಶುಚಿ ಮಾಡಿ ವರ್ನಿಯರ್ ಕ್ಯಾಲಿಪರ್‌ನಲ್ಲಿ ಹಿಡಿಯುವುದೇ ಸರಳ. ಕುಳಿಗಳ ಆಳವನ್ನು ಬೇರೆಯಾಗಿ ಅಳೆಯಬೇಕು. ವರ್ಷಕ್ಕೆ ಒಂದೊಂದು ಬದಿಯಿಂದ 0.1 ಮಿ.ಮೀ. ಹೋಗುತ್ತಿದ್ದರೆ 3 ಮಿ.ಮೀ. ಹಾಳೆಯಲ್ಲಿ ಹತ್ತು ವರ್ಷಕ್ಕೆ ಉಳಿಯುವುದು 1 ಮಿ.ಮೀ., ಕುಳಿ ಬಿದ್ದಲ್ಲಿ ಅದಕ್ಕೂ ಮೊದಲೇ ತೂತು. ಗುರುತು ಮಾಡಿದ ಅದೇ ಜಾಗಗಳನ್ನು ಮುಂದಿನ ಅಕ್ಟೋಬರ್‌ನಲ್ಲೂ ಅದರ ಮುಂದಿನ ಅಕ್ಟೋಬರ್‌ನಲ್ಲೂ ಅಳೆಯಿರಿ. ಸವೆತ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಪದರ ಕಟ್ಟುತ್ತಿದೆ. ಪ್ರತಿ ವರ್ಷವೂ ಅಷ್ಟಕ್ಕಷ್ಟೇ ಹೋಗುತ್ತಿದ್ದರೆ ಕಾರ್ಟೆನ್ ಅಲ್ಲಿ ಮೈಲ್ಡ್ ಸ್ಟೀಲಿನಂತೆಯೇ ಸವೆಯುತ್ತಿದೆ, ಬಣ್ಣ ಹೊಡೆಸಲು ತಡಮಾಡಬೇಡಿ. ಭಾರ ಹೊರುವ ಕಂಬ, ತೊಲೆ, ಮೆಟ್ಟಿಲುಗಳಲ್ಲಿ ಮೂಲ ದಪ್ಪದ ಹತ್ತನೇ ಒಂದು ಭಾಗ ಹೋಗಿದ್ದರೂ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡುವವರೆಗೆ ಅದರ ಕೆಳಗೆ, ಮೇಲೆ ಜನ ಓಡಾಡದಂತೆ ಅಡ್ಡಗಟ್ಟಿ.